98 ಪರ್ಸೆಂಟ್ ಕ್ರೋಮಿಯಂ ಹೋಯ್ತು, ಸರಿ. ಹೋಗಿದ್ದೆಲ್ಲಿಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ದು ಸಣ್ಣ ಪ್ಲೇಟಿಂಗ್ ಶಾಪ್ ಸರ್. ಜಿಂಕ್, ನಿಕ್ಕಲ್, ಸ್ವಲ್ಪ ಕ್ರೋಮ್, ಎಲ್ಲ ಜಾಬ್ ವರ್ಕೇ. ಕ್ರೋಮ್ ಕಡೆಯಿಂದ ದಿನಕ್ಕೆ ಸುಮಾರು 5000 ಲೀಟರ್ ರಿನ್ಸ್ ವಾಟರ್ ಬರುತ್ತೆ, ಅದರಲ್ಲಿ ಕ್ರೋಮಿಯಂ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಆಸುಪಾಸು. ಮಗಳು ಎಂಎಸ್ಸಿ ಕೆಮಿಸ್ಟ್ರಿ ಮಾಡ್ತಿದ್ದಾಳೆ. ಪ್ರಾಜೆಕ್ಟಿಗೆ ಅಡಿಕೆ ಸಿಪ್ಪೆ ಸುಟ್ಟು ಇದ್ದಿಲು ಮಾಡಿ, ಅದರ ಮೇಲೆ ಐರನ್ ಆಕ್ಸೈಡ್ ಕೂರಿಸಿ ಒಂದು ಅಡ್ಸಾರ್ಬೆಂಟ್ ಸಿಂಥೆಸೈಜ್ ಮಾಡಿದ್ದಾಳೆ. 100 ಎಂಎಲ್ ನೀರಿಗೆ ಅರ್ಧ ಗ್ರಾಂ ಹಾಕಿ ಪಿಎಚ್ 2ರಲ್ಲಿ ಅಲ್ಲಾಡ್ಸಿದ್ರೆ 98 ಪರ್ಸೆಂಟ್ ಕ್ರೋಮಿಯಂ ಹೋಗುತ್ತೆ ಅಂತ ರಿಸಲ್ಟ್ ಬಂದಿದೆ. ಇದನ್ನೇ ಶಾಪಲ್ಲಿ ಹಾಕ್ಕೊಂಡು ಮೆಟಾಬೈಸಲ್ಫೈಟು, ಕಾಸ್ಟಿಕ್ಕು, ಸ್ಲಡ್ಜು ಈ ರಗಳೆನೆಲ್ಲ ಬಿಡಬಹುದಾ?

ಉತ್ತರ: ಬಿಡಕ್ಕಾಗಲ್ಲ ಸರ್. ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಉತ್ತರ ಉದ್ದ ಆಗುತ್ತೆ, ನೀವು ಅರ್ಧ ಓದಿ ನಾಳೆ ಬೆಳಿಗ್ಗೆ ಮೆಟಾಬೈ ಡೋಸಿಂಗ್ ನಿಲ್ಲಿಸಿಬಿಟ್ರೆ ಕಷ್ಟ. ಹಾಗಂತ ಮಗಳ ಕೆಲಸ ವೇಸ್ಟು ಅಂತಲ್ಲ, ಅದಕ್ಕೂ ನಿಮ್ಮ ಇಟಿಪಿಯಲ್ಲಿ (ಕೊಳಕು ನೀರು ಶುದ್ಧ ಮಾಡೋ ಘಟಕದಲ್ಲಿ) ಒಂದು ಜಾಗ ಇದೆ, ನೀವು ಅಂದ್ಕೊಂಡಿರೋ ಜಾಗ ಅಲ್ಲ ಅಷ್ಟೇ.

ಮೊದಲು ಆ 98 ಪರ್ಸೆಂಟನ್ನೇ ನೋಡೋಣ. ಕೇಳಕ್ಕೆ ಡಿಸ್ಟಿಂಕ್ಷನ್ ಮಾರ್ಕ್ಸ್ ಥರ ಇದೆ. ಆದ್ರೆ ಪೊಲ್ಯೂಷನ್ ಬೋರ್ಡ್‌ನೋರು ಬಂದು ಎಷ್ಟು ತೆಗೆದ್ರಿ ಅಂತ ಕೇಳಲ್ಲ, ಎಷ್ಟು ಉಳಿಸಿದ್ರಿ ಅಂತ ಕೇಳ್ತಾರೆ. 50 ಪಿಪಿಎಂನಲ್ಲಿ 98 ಪರ್ಸೆಂಟ್ ಹೋದ್ರೆ ಉಳಿಯೋದು 1 ಪಿಪಿಎಂ. ಹೊರಗೆ ನೀರು ಬಿಡಕ್ಕೆ ಹೆಕ್ಸಾವೇಲೆಂಟ್ ಕ್ರೋಮಿಯಂಗೆ (ನಿಮ್ಮ ಕ್ರೋಮ್ ಬಾತಲ್ಲಿರೋ ವಿಷದ ರೂಪ ಇದೇ) ಇರೋ ಮಿತಿ 0.1 ಪಿಪಿಎಂ, ಟೋಟಲ್ ಕ್ರೋಮಿಯಂಗೆ 2. ಅಂದ್ರೆ 98 ತಗೊಂಡೂ ಹತ್ತು ಪಟ್ಟು ಫೇಲು. ಪಾಸಾಗ್ಬೇಕು ಅಂದ್ರೆ 99.8 ಬೇಕು, ಆ ಕೊನೇ 1.8 ಇದ್ಯಲ್ಲ ಅದೇ ಇಡೀ ಕೆಲಸದ ಕಷ್ಟದ ಭಾಗ. ನೀರಲ್ಲಿ ಲೋಹ ಕಮ್ಮಿ ಆಗ್ತಾ ಹೋದಂಗೆ ಅಡ್ಸಾರ್ಬೆಂಟ್ ಹಿಡಿಯೋ ತಾಕತ್ತೂ ಇಳೀತಾ ಹೋಗುತ್ತೆ. ಲ್ಯಾಂಗ್‌ಮ್ಯೂರ್ 1918ರಲ್ಲೇ ಬರೆದಿಟ್ಟ ಕರ್ವ್ ಅದು, ಮಗಳ ಥೀಸಿಸ್ಸಲ್ಲೂ ಖಂಡಿತ ಇರುತ್ತೆ, ಆ ಕರ್ವಿನ ಎಡಗಡೆ ಮೂಲೆ, ಅಂದ್ರೆ ಲೋಹ ಕಮ್ಮಿ ಇರೋ ಕಡೆ, ಯಾರೂ ನೋಡಲ್ಲ, ಬಲಗಡೆ ಮೇಲೆ ಇರೋ ದೊಡ್ಡ ನಂಬರ್ ಮಾತ್ರ ಅಬ್‌ಸ್ಟ್ರಾಕ್ಟಿಗೆ ಹೋಗುತ್ತೆ.

ಅಡ್ಸಾರ್ಪ್ಶನ್ ಅಂದ್ರೆ ಏನು ಅಂತ ನಿಮಗೆ ಒಂದು ಮಾತಲ್ಲಿ ಹೇಳ್ಬೇಕು ಅಂದ್ರೆ, ಹೊಲದಲ್ಲಿ ನಡ್ಕೊಂಡು ಬಂದ್ರೆ ಪಂಚೆ ಅಂಚಿಗೆ ಉತ್ತರಾಣಿ ಬೀಜ ಅಂಟ್ಕೊಳ್ಳುತ್ತಲ್ಲ, ಅದು. ಸ್ಪಾಂಜ್ ನೀರು ಹೀರ್ಕೊಂಡಂಗಲ್ಲ, ಬಟ್ಟೆ ಒಳಗೆ ಏನೂ ಹೋಗಲ್ಲ, ಮೇಲ್ಮೈಗೆ ಅಂಟುತ್ತೆ ಅಷ್ಟೇ. ಪಂಚೆ ಎಷ್ಟು ಅಗಲ ಇದೆಯೋ ಅಷ್ಟು ಬೀಜ, ಜಾಗ ತುಂಬಿದ್ಮೇಲೆ ಇನ್ನೊಂದು ಬೀಜಕ್ಕೆ ಜಾಗ ಇಲ್ಲ. ಅದಕ್ಕೇ ಇವರೆಲ್ಲ ಮೇಲ್ಮೈ ಜಾಸ್ತಿ ಮಾಡಕ್ಕೆ ಒದ್ದಾಡೋದು, ನ್ಯಾನೋ ಅಂತಾರೆ, ಪೋರಸ್ ಅಂತಾರೆ, ಒಳ್ಳೆ ಆಕ್ಟಿವೇಟೆಡ್ ಕಾರ್ಬನ್ ಒಂದು ಗ್ರಾಮಿನಲ್ಲಿ ಸಾವಿರ ಚದರ ಮೀಟರ್ ಮೇಲ್ಮೈ ಇರುತ್ತೆ. ಇನ್ನೊಂದು ವಿಷಯ, ಅಂಟಿದ್ದು ಮಾಯ ಆಗಲ್ಲ. ಮನೆಗೆ ಬಂದು ಕೂತ್ಕೊಂಡು ಒಂದೊಂದಾಗಿ ಕೀಳ್ಬೇಕು, ಕಿತ್ತಿದ್ದನ್ನ ಎಲ್ಲಾದ್ರೂ ಹಾಕ್ಬೇಕು. ಇದನ್ನ ಮರೀಬೇಡಿ, ಆಮೇಲೆ ಇದಕ್ಕೇ ವಾಪಸ್ ಬರ್ತೀನಿ.

ಈಗ ಅರ್ಧ ಗ್ರಾಂ ಲೆಕ್ಕ. 100 ಎಂಎಲ್‌ಗೆ ಅರ್ಧ ಗ್ರಾಂ ಅಂದ್ರೆ ಲೀಟರಿಗೆ 5 ಗ್ರಾಂ, ನಿಮ್ಮ 5000 ಲೀಟರಿಗೆ 25 ಕೆಜಿ. ದಿನಕ್ಕೆ. ತಿಂಗಳಿಗೆ 26 ದಿನ ಶಾಪ್ ಓಡಿದ್ರೆ 650 ಕೆಜಿ ಮ್ಯಾಗ್ನೆಟಿಕ್ ಇದ್ದಿಲು ಬೇಕು, ಅದನ್ನ ಮಾಡೋರು ಯಾರು? ನಿಮ್ಮ ಮಗಳು ಲ್ಯಾಬಲ್ಲಿ ಒಂದು ಬ್ಯಾಚಿಗೆ ಅಬ್ಬಬ್ಬಾ ಅಂದ್ರೆ ಹತ್ತಿಪ್ಪತ್ತು ಗ್ರಾಂ ಮಾಡ್ತಿರ್ತಾಳೆ. ಸಿಪ್ಪೆ ತೊಳೆದು ಒಣಗಿಸಿ, ಗಾಳಿ ಆಡದಂಗೆ ಫರ್ನೇಸಲ್ಲಿ ಸುಟ್ಟು, ಆಮೇಲೆ ಫೆರಿಕ್ ಎರಡು ಪಾಲು ಫೆರಸ್ ಒಂದು ಪಾಲು ಹಾಕಿ, ಅಮೋನಿಯಾನೋ ಕಾಸ್ಟಿಕ್ಕೋ ಬಿಟ್ಟು ಕಪ್ಪು ಮ್ಯಾಗ್ನೆಟೈಟ್ ಕೂರಿಸಿ, ಮತ್ತೆ ಪಿಎಚ್ ನ್ಯೂಟ್ರಲ್ ಆಗೋವರೆಗೂ ತೊಳೆದು ಒಣಗಿಸೋದು. ಆ ತೊಳೆಯೋ ನೀರನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ, ಅದೂ ಎಫ್ಲುಯೆಂಟೇ!

ಇದರ ಪಕ್ಕ ಈಗ ನೀವು ಬೈಕೋತಿರೋ ಮೆಟಾಬೈಸಲ್ಫೈಟ್ ಇಟ್ಟು ನೋಡಿ. ನಿಮ್ಮ ನೀರಲ್ಲಿ ದಿನಕ್ಕೆ ಇರೋ ಕ್ರೋಮಿಯಂ 250 ಗ್ರಾಂ. ಒಂದು ಗ್ರಾಂ ಹೆಕ್ಸಾವೇಲೆಂಟ್ ಕ್ರೋಮಿಯಂನ ಟ್ರೈವೇಲೆಂಟಿಗೆ, ಅಂದ್ರೆ ವಿಷ ಕಮ್ಮಿ ಇರೋ ರೂಪಕ್ಕೆ, ಇಳಿಸಕ್ಕೆ ಪುಸ್ತಕದ ಲೆಕ್ಕದಲ್ಲಿ ಸುಮಾರು 2.75 ಗ್ರಾಂ ಮೆಟಾಬೈ ಸಾಕು, ಅಂದ್ರೆ 700 ಗ್ರಾಂ. ನೀರಲ್ಲಿ ಕರಗಿರೋ ಆಕ್ಸಿಜನ್ನು, ಗ್ಯಾಸಾಗಿ ಹಾರಿಹೋಗೋದು ಎಲ್ಲ ಸೇರಿ ನಿಜವಾಗ್ಲೂ ಒಂದರಿಂದ ಒಂದೂವರೆ ಕೆಜಿ ಹೋಗುತ್ತೆ ಅಂದ್ಕೊಳ್ಳಿ. 25 ಕೆಜಿ ಸಿಂಥೆಸೈಜ್ ಮಾಡಿದ ಮಾಲಿಗೆ ಎದುರು ಒಂದೂವರೆ ಕೆಜಿ ಮೂಟೆ ಕೆಮಿಕಲ್. 50 ಪಿಪಿಎಂ ಅನ್ನೋ ಲೆವೆಲ್ಲಲ್ಲಿ ಯಾವ ಅಡ್ಸಾರ್ಬೆಂಟೂ ಇದರ ಜೊತೆ ಜಗಳ ಆಡಿ ಗೆಲ್ಲಲ್ಲ, ಅದು ಗ್ರಾಫೀನ್ ಆಕ್ಸೈಡ್ ಆಗ್ಲಿ ಎಂಒಎಫ್ (ಲೋಹಕ್ಕೆ ಆರ್ಗ್ಯಾನಿಕ್ ಕೊಂಡಿ ಸೇರಿಸಿ ಕಟ್ಟಿದ ಜಾಲರಿಯಂಥ ಮಾಲು) ಆಗ್ಲಿ. ಎಂಒಎಫ್‌ಗೆ 2025ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು, ಬರ್ಬೇಕಾದ್ದೇ, ಅದ್ಭುತ ಮಾಲು ಅದು, ಆದ್ರೆ ಪೀಣ್ಯದ ರಿನ್ಸ್ ವಾಟರಿಗೆ ಅದನ್ನ ಹಾಕೋದು ಅಂದ್ರೆ ಗದ್ದೆ ಉಳಕ್ಕೆ ರೇಸ್ ಕುದುರೆ ಕಟ್ಟಿದಂಗೆ.

ಸರಿ, ದುಡ್ಡಿನ ಲೆಕ್ಕ ಬಿಡಿ. ನನಗೆ ಇದಕ್ಕಿಂತ ದೊಡ್ಡ ಅನುಮಾನ ಬೇರೆ ಇದೆ, ಮಗಳ ಹತ್ರ ಇವತ್ತೇ ಕೇಳಿ: ಉಳಿದ ಕ್ರೋಮಿಯಂನ ಯಾವುದರಲ್ಲಿ ಅಳೆದೆ ಅಂತ.

ಎಂಎಸ್ಸಿ ಲ್ಯಾಬಲ್ಲಿ ಸಾಮಾನ್ಯವಾಗಿ ಮಾಡೋದು ಡಿಪಿಸಿ ಟೆಸ್ಟ್, ಡೈಫಿನೈಲ್ ಕಾರ್ಬಜೈಡ್. ನೀರಿಗೆ ಆಸಿಡ್ ಹಾಕಿ, ಡಿಪಿಸಿ ಬಿಟ್ರೆ ಗುಲಾಬಿ ಕಡೆ ವಾಲೋ ನೇರಳೆ ಬಣ್ಣ ಬರುತ್ತೆ, ಅದನ್ನ ಕಲರಿಮೀಟರಲ್ಲಿ 540 ನ್ಯಾನೋಮೀಟರಿಗೆ ಓದ್ತಾರೆ. ಒಳ್ಳೆ ಟೆಸ್ಟು, ಚೀಪ್ ಟೆಸ್ಟು, ನಾನೂ ಸೈಟಲ್ಲಿ ಅದನ್ನೇ ಮಾಡೋದು. ಆದ್ರೆ ಅದು ಹೆಕ್ಸಾವೇಲೆಂಟನ್ನ ಮಾತ್ರ ನೋಡುತ್ತೆ, ಟ್ರೈವೇಲೆಂಟ್ ಕ್ರೋಮಿಯಂ ಎದುರಿಗೇ ನಿಂತಿದ್ರೂ ಅದಕ್ಕೆ ಕಾಣಲ್ಲ. ಈಗ ಯೋಚ್ನೆ ಮಾಡಿ, ಪಿಎಚ್ 2ರಲ್ಲಿ, ಅಷ್ಟು ಆಸಿಡ್ ಇರೋ ನೀರಲ್ಲಿ, ಅಡಿಕೆ ಸಿಪ್ಪೆ ಇದ್ದಿಲು ಹಾಕಿದ್ರೆ ಏನಾಗುತ್ತೆ? ಹೆಕ್ಸಾವೇಲೆಂಟ್ ಕ್ರೋಮಿಯಂ ಅಂದ್ರೆ ಎಲೆಕ್ಟ್ರಾನಿಗೆ ಬಾಯ್ಬಿಟ್ಕೊಂಡು ಕಾಯ್ತಿರೋ ವಸ್ತು, ಇದ್ದಿಲಿನ ಮೈಮೇಲೆಲ್ಲ ಎಲೆಕ್ಟ್ರಾನ್ ಕೊಡೋ ಗುಂಪುಗಳು, ಮ್ಯಾಗ್ನೆಟೈಟಲ್ಲಿ ಫೆರಸ್ ಕಬ್ಬಿಣ ಬೇರೆ, ಅದೂ ಕೊಡಕ್ಕೆ ರೆಡಿ. ಹಂಗಾಗಿ ಕ್ರೋಮಿಯಂ ಬಂದು ಅಂಟ್ಕೊಳ್ಳೋ ಬದಲು ಎಲೆಕ್ಟ್ರಾನ್ ಕಿತ್ಕೊಂಡು ಟ್ರೈವೇಲೆಂಟ್ ಆಗಿ ಮತ್ತೆ ನೀರಿಗೇ ಇಳಿದುಬಿಡುತ್ತೆ. ಪಿಎಚ್ 2ರಲ್ಲಿ ಇದ್ದಿಲಿನ ಮೈ ಪಾಸಿಟಿವ್ ಚಾರ್ಜಲ್ಲಿರುತ್ತೆ, ಟ್ರೈವೇಲೆಂಟ್ ಕ್ರೋಮಿಯಂ ಕೂಡ ಪಾಸಿಟಿವ್, ಒಂದನ್ನೊಂದು ದೂರ ತಳ್ತವೆ. ಡಿಪಿಸಿ ಹಾಕಿದ್ರೆ ನೇರಳೆ ಬಣ್ಣ ಇಲ್ಲ. ಹುಡುಗಿಗೆ ಖುಷಿ, ಗೈಡಿಗೆ ಖುಷಿ, 98 ಪರ್ಸೆಂಟ್ ರಿಮೂವಲ್! ಕ್ರೋಮಿಯಂ ಮಾತ್ರ ಬಟ್ಟೆ ಬದಲಾಯಿಸ್ಕೊಂಡು ಅದೇ ಫ್ಲಾಸ್ಕಲ್ಲಿ ಕೂತಿದೆ.

ಎಲ್ಲವೂ ಹಂಗೇ ಆಗಿದೆ ಅಂತ ನಾನು ಹೇಳ್ತಿಲ್ಲ. ಸ್ವಲ್ಪ ಅಂಟಿರುತ್ತೆ, ಸ್ವಲ್ಪ ಬದಲಾಗಿರುತ್ತೆ, ಯಾವುದು ಎಷ್ಟು ಅಂತ ಡಿಪಿಸಿ ಒಂದರಿಂದಲೇ ಗೊತ್ತಾಗಲ್ಲ. ಒಂದು ಸುಳಿವು ಮಾತ್ರ ಇದೆ: ಈ ರಿಯಾಕ್ಷನ್ ಆಸಿಡ್ ತಿನ್ನುತ್ತೆ. ಶುರುವಲ್ಲಿ ಪಿಎಚ್ 2 ಇಟ್ಟಿದ್ದು ಎರಡು ಗಂಟೆ ಅಲ್ಲಾಡ್ಸಿದ್ಮೇಲೆ ತಾನಾಗೇ ಮೇಲೆ ಹೋಗಿದ್ರೆ ಅನುಮಾನ ಪಡಬೇಕು. ಖಚಿತ ಬೇಕು ಅಂದ್ರೆ ಎಎಎಸ್‌ನಲ್ಲೋ ಐಸಿಪಿಯಲ್ಲೋ (ಯಾವ ರೂಪದಲ್ಲಿದ್ರೂ ಲೋಹ ಅಳೆಯೋ ಯಂತ್ರಗಳು) ಟೋಟಲ್ ಕ್ರೋಮಿಯಂ ನೋಡ್ಬೇಕು. ಕಾಲೇಜಲ್ಲಿ ಅದಿಲ್ಲ ಅಂದ್ರೆ, ಅದೇ ನೀರನ್ನ ಆಸಿಡ್ ಜೊತೆ ಪರ್ಮಾಂಗನೇಟ್ ಹಾಕಿ ಬಿಸಿ ಮಾಡಿದ್ರೆ ಟ್ರೈವೇಲೆಂಟ್ ಎಲ್ಲ ವಾಪಸ್ ಹೆಕ್ಸಾವೇಲೆಂಟ್ ಆಗುತ್ತೆ, ಆಮೇಲೆ ಡಿಪಿಸಿ ಮಾಡ್ಲಿ. ಮೊದಲನೇ ಸಲ ಬಣ್ಣ ಇಲ್ಲದ ಟ್ಯೂಬು ಈಗ ನೇರಳೆ ಆಯ್ತು ಅಂದ್ರೆ ಕಳ್ಳ ಸಿಕ್ಕಿಬಿದ್ದ ಅಂತ. ಜೊತೆಗೆ ಅದೇ ಫಿಲ್ಟ್ರೇಟಲ್ಲಿ ಕಬ್ಬಿಣನೂ ನೋಡಕ್ಕೆ ಹೇಳಿ, ಪಿಎಚ್ 2ಕ್ಕೆ ಮ್ಯಾಗ್ನೆಟೈಟ್ ನಿಧಾನಕ್ಕೆ ಕರಗುತ್ತೆ, ಕೂರಿಸಿದ ಕಬ್ಬಿಣನೇ ನೀರಿಗೆ ಬಂದ್ರೆ ಆ ಅಡ್ಸಾರ್ಬೆಂಟ್ ಎರಡನೇ ಸಲಕ್ಕೆ ಉಪಯೋಗಕ್ಕೆ ಬರಲ್ಲ.

ನೋಡಿದ್ರಾ ತಮಾಷೆ, ಇದ್ದಿಲು ಮಾಡ್ತಿರೋದು ನಿಮ್ಮ ಮೆಟಾಬೈ ಮಾಡೋ ಕೆಲಸಾನೇ. ಹೆಕ್ಸಾವೇಲೆಂಟನ್ನ ಟ್ರೈವೇಲೆಂಟ್ ಮಾಡೋದು. ಟ್ರೈವೇಲೆಂಟ್ ಆದ್ಮೇಲೆ ಅದನ್ನ ನೀರಿಂದ ತೆಗಿಯಕ್ಕೆ ಮತ್ತೆ ಕಾಸ್ಟಿಕ್ ಹಾಕಿ ಪಿಎಚ್ ಎಂಟು ಎಂಟೂವರೆಗೆ ಏರಿಸ್ಬೇಕು, ಹೈಡ್ರಾಕ್ಸೈಡ್ ಆಗಿ ಕೂರ್ಬೇಕು, ಅದೇ ಸ್ಲಡ್ಜು. ಯಾವ ರಗಳೆ ಬಿಡ್ಬೇಕು ಅಂತ ಹೊರಟ್ರೋ ಅದೇ ಬಾಗಿಲಿಗೆ ಬಂದು ನಿಂತ್ವಿ.

ಇನ್ನೊಂದು ಸಮಸ್ಯೆ ನಿಕ್ಕಲ್ಲು, ಜಿಂಕು. ಕ್ರೋಮೇಟ್, ಅಂದ್ರೆ ನೀರಲ್ಲಿ ಕರಗಿರೋ ಹೆಕ್ಸಾವೇಲೆಂಟ್ ಕ್ರೋಮಿಯಂ, ನೆಗೆಟಿವ್ ಚಾರ್ಜಿರೋದು, ನಿಕ್ಕಲ್ ಜಿಂಕ್ ಪಾಸಿಟಿವ್. ಪ್ರತಿ ಅಡ್ಸಾರ್ಬೆಂಟಿಗೂ ಒಂದು ಪಿಎಚ್ ಇರುತ್ತೆ, ಅದಕ್ಕಿಂತ ಕೆಳಗೆ ಅದರ ಮೈ ಪಾಸಿಟಿವ್, ಮೇಲೆ ನೆಗೆಟಿವ್. ಕೆಳಗಿದ್ರೆ ಕ್ರೋಮೇಟ್ ಹಿಡಿಯುತ್ತೆ ನಿಕ್ಕಲ್ ಬಿಡುತ್ತೆ, ಮೇಲಿದ್ರೆ ನಿಕ್ಕಲ್ ಹಿಡಿಯುತ್ತೆ ಕ್ರೋಮೇಟ್ ಬಿಡುತ್ತೆ. ಒಂದೇ ಪುಡಿ, ಒಂದೇ ಟ್ಯಾಂಕು, ಎಲ್ಲ ಲೋಹನೂ ಹೋಗುತ್ತೆ ಅಂತ ಯಾರಾದ್ರೂ ಮಾರಕ್ಕೆ ಬಂದ್ರೆ ಕಾಫಿ ಕೊಟ್ಟು ಕಳ್ಸಿ. ರಾಯಚೂರು ಥರ್ಮಲ್ಲಿನಂಥ ಕಡೆ ಬರೋ ಹಾರುಬೂದಿನ ಕಾಸ್ಟಿಕ್ ಜೊತೆ ಬೇಯಿಸಿ ಜಿಯೋಲೈಟ್ ಮಾಡ್ತಾರೆ, ಸೀಸ, ಜಿಂಕು ಚೆನ್ನಾಗಿ ಹಿಡಿಯುತ್ತೆ, ಆದ್ರೆ ಕ್ರೋಮೇಟನ್ನ ಅದು ತಿರುಗಿಯೂ ನೋಡಲ್ಲ. ಮತ್ತೆ ಲ್ಯಾಬಲ್ಲಿ ಡಿಸ್ಟಿಲ್ಡ್ ವಾಟರಿಗೆ ಪೊಟ್ಯಾಶಿಯಂ ಡೈಕ್ರೋಮೇಟ್ ಒಂದೇ ಕರಗಿಸಿ ಮಾಡಿರ್ತಾರೆ, ನಿಮ್ಮ ನೀರಲ್ಲಿ ಸಲ್ಫೇಟು, ಕ್ಲೋರೈಡು, ಬ್ರೈಟ್ನರ್, ಡಿಗ್ರೀಸಿಂಗಿಂದ ಬಂದ ಸೋಪು, ಎಣ್ಣೆ ಎಲ್ಲ ಇರುತ್ತೆ. ಖಾಲಿ ಬಸ್ಸಲ್ಲಿ ಸೀಟ್ ಹಿಡಿಯೋದಕ್ಕೂ ಬೆಳಿಗ್ಗೆ ಒಂಬತ್ತಕ್ಕೆ ಜಾಲಹಳ್ಳಿ ಕ್ರಾಸಲ್ಲಿ ಹತ್ತಿ ಸೀಟ್ ಹಿಡಿಯೋದಕ್ಕೂ ಇರೋ ವ್ಯತ್ಯಾಸ.

ಪುಡಿಯ ಬಗ್ಗೆ ನನ್ನದೇ ಒಂದು ಕಥೆ ಹೇಳ್ತೀನಿ. ತುಂಬ ವರ್ಷದ ಹಿಂದೆ ಒಂದು ಫ್ಯಾಕ್ಟ್ರೀಲಿ, ಹೆಸರು ಬೇಡ, ಇಂಥದ್ದೇ ಕಬ್ಬಿಣ ಕೂರಿಸಿದ ಕಾರ್ಬನ್ ಪುಡಿನ ಕಾಲಮ್ಮಿಗೆ ತುಂಬಿ ಟ್ರಯಲ್ ಮಾಡಿದ್ವಿ, ಐಡಿಯಾ ನನ್ನದೇ, ಬೇರೆಯವರ ಮೇಲೆ ಹಾಕಲ್ಲ. ಬೀಕರಲ್ಲಿ ಮಜವಾಗಿ ಕೆಲಸ ಮಾಡಿತ್ತು. ಪಂಪ್ ಆನ್ ಮಾಡಿ ಅರ್ಧ ಗಂಟೆ ಆಗಿಲ್ಲ, ಪ್ರೆಶರ್ ಗೇಜ್ ಮುಳ್ಳು ಏರ್ತಾ ಏರ್ತಾ ಹೋಯ್ತು, ಪುಡಿ ಒಳಗೆ ಸಿಮೆಂಟ್ ಥರ ಕೂತ್ಕೊಂಡುಬಿಟ್ಟಿದೆ, ನೀರು ನುಗ್ಗಕ್ಕೆ ದಾರಿ ಇಲ್ಲ, ಕೊನೆಗೆ ಮೇಲಿನ ಫ್ಲಾಂಜಿಂದ ಗ್ಯಾಸ್ಕೆಟ್ ಕಿತ್ಕೊಂಡು ಕಪ್ಪು ನೀರು ನೆಲ, ಗೋಡೆ, ನನ್ನ ಬಿಳಿ ಶರ್ಟು ಎಲ್ಲ. ಆಪರೇಟರ್ ಮಲ್ಲೇಶಣ್ಣ ಅಂತ ಇದ್ರು, ಏನೂ ಮಾತಾಡ್ಲಿಲ್ಲ, ಸುಮ್ನೆ ಹೋಗಿ ಮೆಟಾಬೈ ಡ್ರಮ್ಮಿನ ಮುಚ್ಚಳ ತೆಗೆದ್ರು. ಆವತ್ತಿಂದ ಯಾರಾದ್ರೂ ಅಡ್ಸಾರ್ಬೆಂಟ್ ತೋರಿಸಿದ್ರೆ ನಾನು ಕೆಪ್ಯಾಸಿಟಿಗಿಂತ ಮುಂಚೆ ಕಾಳಿನ ಸೈಜ್ ಕೇಳ್ತೀನಿ. ಸಾಸಿವೆ, ರಾಗಿ ಸೈಜಾದ್ರೂ ಇರ್ಬೇಕು, ಹಿಟ್ಟಿನಂಗಿದ್ರೆ ಕಾಲಮ್ಮಿಗೆ ಬರಲ್ಲ. ಮ್ಯಾಗ್ನೆಟ್ ಇದೆಯಲ್ಲ, ಎಳ್ಕೊಂಡ್ರೆ ಆಯ್ತು ಅಂತ ಪೇಪರಲ್ಲಿ ಫೋಟೋ ಹಾಕಿರ್ತಾರೆ, ಸಣ್ಣ ಬಾಟ್ಲಿ ಪಕ್ಕ ಮ್ಯಾಗ್ನೆಟ್ ಇಟ್ಟು. ಐದು ಸಾವಿರ ಲೀಟರ್ ಟ್ಯಾಂಕಿನ ಪಕ್ಕ ಇಡೋ ಮ್ಯಾಗ್ನೆಟ್ ರೇಟ್ ಕೇಳಿ ಆಮೇಲೆ ಮಾತಾಡೋಣ.

ಹಾಗಾದ್ರೆ ಮಗಳ ಮಾಲಿಗೆ ಜಾಗ ಎಲ್ಲಿ? ಕೊನೇಲಿ. ನಿಮ್ಮ ಈಗಿನ ಸಿಸ್ಟಮ್ ಸರಿಯಾಗಿ ಓಡಿಸಿ, ಅದರಿಂದ ಹೊರಗೆ ಬರೋ ನೀರಲ್ಲಿ ಉಳಿಯೋ ಕೊನೇ ಒಂದು, ಅರ್ಧ ಪಿಪಿಎಂ ತೆಗಿಯಕ್ಕೆ. ಇದಕ್ಕೆ ಪಾಲಿಶಿಂಗ್ ಅಂತಾರೆ, ನಿಮಗೆ ಪಾಲಿಶಿಂಗ್ ಬಗ್ಗೆ ನಾನು ಹೇಳ್ಬೇಕಾ, ಕೊನೇ ಬಫ್ ಹೊಡೆಯೋದು ಕಾಸ್ಟಿಂಗಲ್ಲಿರೋ ಉಬ್ಬು ತೆಗಿಯಕ್ಕಲ್ಲ. 1 ಪಿಪಿಎಂ ಉಳಿದಿದೆ ಅಂದ್ರೆ ದಿನಕ್ಕೆ 5 ಗ್ರಾಂ ಲೋಹ. ಆ ಕಮ್ಮಿ ಲೆವೆಲ್ಲಲ್ಲಿ ನಿಮ್ಮ ಅಡ್ಸಾರ್ಬೆಂಟ್ ಗ್ರಾಮಿಗೆ 5 ಮಿಲಿಗ್ರಾಂ ಹಿಡಿದ್ರೂ ದಿನಕ್ಕೆ ಒಂದೇ ಕೆಜಿ ಸಾಕು. 25 ಎಲ್ಲಿ, 1 ಎಲ್ಲಿ. ಆದ್ರೆ ಇಲ್ಲಿ ನೀರಿನ ಪಿಎಚ್ ಎಂಟರ ಹತ್ರ ಇರುತ್ತೆ, ಎರಡಲ್ಲ, ಹಂಗಾಗಿ ಮಗಳು ಆ ಪಿಎಚ್‌ನಲ್ಲಿ, 1 ಪಿಪಿಎಂನಿಂದ ಶುರು ಮಾಡಿ, ನಿಕ್ಕಲ್ಲಿಗೂ ಜಿಂಕಿಗೂ ಹೊಸದಾಗಿ ಟೆಸ್ಟ್ ಮಾಡ್ಬೇಕು. ನನ್ನ ಊಹೆ, ಕ್ರೋಮೇಟಿಗಿಂತ ನಿಕ್ಕಲ್ಲಿಗೇ ಇದು ಜಾಸ್ತಿ ಉಪಯೋಗಕ್ಕೆ ಬರ್ಬಹುದು. ಯಾಕಂದ್ರೆ ಕ್ರೋಮಿಯಂ ಎಂಟೂವರೆಗೆ ಚೆನ್ನಾಗಿ ಕೂರುತ್ತೆ, ನಿಕ್ಕಲ್ ಕೂರಕ್ಕೆ ಹತ್ತರ ಮೇಲೆ ಬೇಕು, ಹತ್ತರ ಮೇಲೆ ಹೋದ್ರೆ ಕೂತಿದ್ದ ಕ್ರೋಮಿಯಂ ಮತ್ತೆ ಕರಗಕ್ಕೆ ಶುರು ಮಾಡುತ್ತೆ. ಎರಡನ್ನೂ ಒಂದೇ ಟ್ಯಾಂಕಲ್ಲಿ ಹಾಕೋರು ಎಲ್ಲೋ ಒಂಬತ್ತರ ಹತ್ರ ರಾಜಿ ಮಾಡ್ಕೊಂಡಿರ್ತಾರೆ, ಸ್ವಲ್ಪ ನಿಕ್ಕಲ್ ತಪ್ಪಿಸ್ಕೊಂಡು ಹೋಗುತ್ತೆ. ಆ ತಪ್ಪಿಸ್ಕೊಂಡಿದ್ದನ್ನ ಹಿಡಿಯೋ ಕೆಲಸ ಇದಕ್ಕೆ ಕೊಡಬಹುದು. ಅದೇ ಕೆಲಸಕ್ಕೆ ಮಾರ್ಕೆಟಲ್ಲಿ ಇಮಿನೋಡೈಅಸಿಟಿಕ್ ಗುಂಪಿರೋ ಚಿಲೇಟಿಂಗ್ ರೆಸಿನ್ ಸಿಗುತ್ತೆ, ಸಣ್ಣ ಮಣಿ ಥರ, ಆಸಿಡ್ಡಲ್ಲಿ ತೊಳೆದು ಮತ್ತೆ ಮತ್ತೆ ಬಳಸಬಹುದು. ಮಗಳ ಮಾಲು ಗೆಲ್ಲಬೇಕಾಗಿರೋದು ಬೇರೆ ಪೇಪರ್‌ಗಳ ಟೇಬಲ್ ಎದುರಲ್ಲ, ಆ ರೆಸಿನ್ ಎದುರು.

ಕಾಲಮ್ ಹಾಕೋದಾದ್ರೆ ಲೆಕ್ಕ ಸುಲಭ. 5000 ಲೀಟರನ್ನ ಎಂಟು ಗಂಟೆಯಲ್ಲಿ ಓಡಿಸಿದ್ರೆ ನಿಮಿಷಕ್ಕೆ ಹತ್ತು ಲೀಟರ್ ಚಿಲ್ಲರೆ. ನೀರಿಗೆ ಹಾಸಿನ (ಕಾಲಮ್ಮಲ್ಲಿ ತುಂಬಿರೋ ಅಡ್ಸಾರ್ಬೆಂಟ್) ಒಳಗೆ ಹತ್ತು ನಿಮಿಷ ಸಿಗ್ಬೇಕು ಅಂದ್ರೆ ನೂರು ಲೀಟರ್ ಹಾಸು, ಅದಕ್ಕಿಂತ ಸ್ವಲ್ಪ ಜಾಸ್ತಿನೇ ಇಡಿ. ಒಂದು ಕಾಲಮ್ ಬೇಡ, ಎರಡು ಹಾಕಿ, ಒಂದರಿಂದ ಇನ್ನೊಂದಕ್ಕೆ ಹೋಗೋ ಥರ, ಮಧ್ಯದಲ್ಲಿ ಒಂದು ಸ್ಯಾಂಪಲ್ ನಲ್ಲಿ. ಮಧ್ಯದ ನಲ್ಲಿಯಲ್ಲಿ ಲೋಹ ಕಾಣಿಸ್ಕೊಂಡ ದಿನ ಮೊದಲನೇದು ತುಂಬಿತು ಅಂತ ಅರ್ಥ, ಎರಡನೇದು ಕಾಯ್ತಿರುತ್ತೆ, ನಿಮಗೆ ನಿದ್ದೆ ಬರುತ್ತೆ. ಮುಂದೆ ಸ್ಯಾಂಡ್ ಫಿಲ್ಟರ್ ಇಲ್ಲದೆ ಕಾಲಮ್ ಹಾಕಲೇಬೇಡಿ, ಸ್ಲಡ್ಜಿನ ಚೂರು ತೇಲಿ ಬಂದು ಎರಡೇ ದಿನಕ್ಕೆ ಮುಚ್ಚಿಹೋಗುತ್ತೆ.

ಈಗ ಉತ್ತರಾಣಿ ಬೀಜಕ್ಕೆ ವಾಪಸ್ ಬರೋಣ. ತುಂಬಿದ ಅಡ್ಸಾರ್ಬೆಂಟನ್ನ ಏನು ಮಾಡ್ತೀರ? ರೀಜನರೇಟ್ ಮಾಡಬಹುದು ಅಂತ ಥೀಸಿಸ್ಸಲ್ಲಿ ಇರುತ್ತೆ, ಕ್ರೋಮೇಟ್ ಆದ್ರೆ ಕಾಸ್ಟಿಕ್ಕಲ್ಲಿ, ನಿಕ್ಕಲ್ ಆದ್ರೆ ಆಸಿಡ್ಡಲ್ಲಿ ತೊಳೀತಾರೆ. ತೊಳೆದ ನೀರಲ್ಲಿ ಈಗ ಕ್ರೋಮಿಯಂ 50 ಅಲ್ಲ, ನೂರಾರು ಸಾವಿರಾರು ಪಿಪಿಎಂ ಇರುತ್ತೆ, ಅದನ್ನ ಮತ್ತೆ ಮೆಟಾಬೈ ಹಾಕೇ ಇಳಿಸ್ಬೇಕು. ತೊಳೆಯಲ್ಲ, ಬಿಸಾಕ್ತೀನಿ ಅಂದ್ರೆ ಅದು ಇದ್ದಿಲಲ್ಲ ಸರ್, 2016ರ ರೂಲ್ಸ್ ಪ್ರಕಾರ ಹಜಾರ್ಡಸ್ ವೇಸ್ಟು. ಶಾಪಲ್ಲಿ 90 ದಿನಕ್ಕಿಂತ ಜಾಸ್ತಿ ಇಟ್ಕೊಳೋ ಹಾಗಿಲ್ಲ, ಮ್ಯಾನಿಫೆಸ್ಟ್ ಬರೆದು ದಾಬಸ್‌ಪೇಟೆ ಕಡೆ ಇರೋ ಟಿಎಸ್‌ಡಿಎಫ್‌ಗೆ (ಹಜಾರ್ಡಸ್ ವೇಸ್ಟ್ ವಿಲೇವಾರಿ ಮಾಡೋ ಜಾಗ) ಕಳ್ಸಬೇಕು, ಕೆಜಿ ಲೆಕ್ಕದಲ್ಲಿ ದುಡ್ಡು ಕಟ್ಟಿ. ಮೆಟಾಬೈ ಹಾಕಿದ್ರೆ ನಿಮ್ಮ 250 ಗ್ರಾಂ ಕ್ರೋಮಿಯಂ ಸುಮಾರು ಅರ್ಧ ಕೆಜಿ ಒಣ ಹೈಡ್ರಾಕ್ಸೈಡ್ ಆಗುತ್ತೆ, ಜೊತೆಗೆ ಒಂದಿಷ್ಟು ನೀರು, ಕಸ. ಅದನ್ನ 25 ಕೆಜಿ ಇದ್ದಿಲಿನ ಮೇಲೆ ಹರಡಿದ್ರೆ ನೀವು ಕಳ್ಸಬೇಕಾದ ತೂಕ ಎಷ್ಟು ಪಟ್ಟಾಯ್ತು ನೀವೇ ನೋಡಿ. ಯಾರೋ ಈ ಇದ್ದಿಲನ್ನ ಇಟ್ಟಿಗೆ ಗೂಡಿಗೆ ಕೊಡಬಹುದು, ಸುಟ್ಟುಬಿಡಬಹುದು ಅಂತ ಹೇಳಿದ್ರೆ ಕೇಳಲೇಬೇಡಿ, ಗಾಳಿಯಲ್ಲಿ ಸುಟ್ರೆ ಟ್ರೈವೇಲೆಂಟ್ ಆಗಿದ್ದದ್ದೂ ಮತ್ತೆ ಹೆಕ್ಸಾವೇಲೆಂಟ್ ಆಗೋ ಚಾನ್ಸ್ ಇದೆ.

ಇಷ್ಟೆಲ್ಲ ಯಾಕೆ ಬಡ್ಕೋತೀನಿ ಅಂದ್ರೆ ಪೀಣ್ಯದ ಬೋರ್‌ವೆಲ್ ನೀರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರೋದು ಹೊಸ ಸುದ್ದಿ ಅಲ್ಲ, ಹಳದಿ ನೀರು ಬಂದಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಆ ಕಡೆಯ ಮೋರಿ ನೀರು ವೃಷಭಾವತಿಗೆ ಸೇರಿ ಬಿಡದಿ ಹತ್ರದ ಬೈರಮಂಗಲ ಕೆರೆಗೆ ಹೋಗುತ್ತೆ, ಅಲ್ಲಿ ಅದೇ ನೀರಲ್ಲಿ ಬೆಳೆದ ಸೊಪ್ಪು ನಮ್ಮ ತಟ್ಟೆಗೇ ವಾಪಸ್ ಬರುತ್ತೆ.

ದುಡ್ಡು ಉಳಿಸ್ಬೇಕು, ಸ್ಲಡ್ಜ್ ಕಮ್ಮಿ ಮಾಡ್ಬೇಕು ಅನ್ನೋದೇ ನಿಮ್ಮ ನಿಜವಾದ ಪ್ರಶ್ನೆ ಆದ್ರೆ ಅಡ್ಸಾರ್ಬೆಂಟ್ ತನಕ ಹೋಗೋದೇ ಬೇಡ, ಶಾಪ್ ಫ್ಲೋರಲ್ಲೇ ನಿಂತು ನೋಡಿ. ಹುಡುಗ್ರು ಪೀಸ್ ಸಿಕ್ಕಿಸಿದ ಜಿಗ್ಗನ್ನ ಬಾತಿಂದ ಎತ್ತಿದ ತಕ್ಷಣ ರಿನ್ಸ್ ಟ್ಯಾಂಕಿಗೆ ಮುಳುಗಿಸ್ತಾರೆ, ಪೀಸ್ ರೇಟಲ್ವಾ, ಅವಸರ. ಬಾತ್ ಮೇಲೇ ಹತ್ತು ಹದಿನೈದು ಸೆಕೆಂಡ್ ಹಿಡಿದು ತೊಟ್ಟಿಕ್ಕಕ್ಕೆ ಬಿಟ್ರೆ, ಒಂದು ಸಲ ಅಲ್ಲಾಡ್ಸಿದ್ರೆ, ರಿನ್ಸಿಗೆ ಹೋಗೋ ಕ್ರೋಮಿಯಂ ಅಲ್ಲೇ ಎಷ್ಟೋ ಇಳಿಯುತ್ತೆ, ಹೋಗ್ತಿರೋದು ನೀವು ದುಡ್ಡು ಕೊಟ್ಟು ತಂದ ಕ್ರೋಮಿಕ್ ಆಸಿಡ್ಡೇ ಅಲ್ವಾ. ಬಾತ್ ಪಕ್ಕ ನೀರು ಹರಿಯದ ಒಂದು ಡ್ರ್ಯಾಗ್‌ಔಟ್ ಟ್ಯಾಂಕ್ ಇಟ್ಟು, ಅದರ ನೀರನ್ನ ಆವಿಯಾದಷ್ಟು ಬಾತಿಗೇ ವಾಪಸ್ ತುಂಬಿ. ಆಮೇಲೆ ಹರಿಯೋ ರಿನ್ಸ್ ಎರಡು ಟ್ಯಾಂಕಾಗಿ ಮಾಡಿ, ಹೊಸ ನೀರು ಕೊನೇ ಟ್ಯಾಂಕಿಗೆ ಬಂದು ಹಿಂದಕ್ಕೆ ಹರೀಲಿ. ಬೋಲ್ಟ್ ನಟ್ಟಿಗೆ ಕಾಮನಬಿಲ್ಲಿನ ಬಣ್ಣದ ಹಳದಿ ಪ್ಯಾಸಿವೇಶನ್ (ತುಕ್ಕು ತಡೆಯೋ ಪದರ) ಮಾಡ್ತೀರಲ್ಲ, ಪಾರ್ಟಿ ಒಪ್ಪಿದ್ರೆ ಅದನ್ನ ಟ್ರೈವೇಲೆಂಟಿಗೆ ಬದಲಾಯಿಸಿ, ಆಟೋಮೊಬೈಲ್ ಎಕ್ಸ್‌ಪೋರ್ಟ್ ಪಾರ್ಟಿಗಳು ಈಗ ಅದನ್ನೇ ಕೇಳೋದು. ಹೆಕ್ಸಾವೇಲೆಂಟ್ ಬಾತೇ ಒಂದು ಕಮ್ಮಿ ಆದ್ರೆ ಮೆಟಾಬೈ ತಾನಾಗೇ ಇಳಿಯುತ್ತೆ.

ರಿಡಕ್ಷನ್ ಟ್ಯಾಂಕೂ ಒಂದು ಸಲ ನೋಡಿ. ಪಿಎಚ್ ಎರಡೂವರೆ ಆಸುಪಾಸು ಇಟ್ಕೊಂಡು ಮೆಟಾಬೈ ಬಿಡ್ತಾ ಹೋದಂಗೆ ನಿಂಬೆಹಣ್ಣಿನ ಹಳದಿ ಹೋಗಿ ಒಂದು ಗಳಿಗೆ ಎರಡೂ ಅಲ್ಲದ ಪಾಚಿ ಬಣ್ಣ ಬಂದು ಆಮೇಲೆ ತಿಳಿ ನೀಲಿ ಹಸಿರು ಆಗುತ್ತೆ, ಅಲ್ಲಿ ನಿಲ್ಲಿಸ್ಬೇಕು. ಬೆಂಕಿಕಡ್ಡಿ ಗೀರಿದ ವಾಸನೆ ಮೂಗಿಗೆ ಹೊಡೆದ್ರೆ ಜಾಸ್ತಿ ಹಾಕಿದ್ದೀರ ಅಂತ, ಅದು ಸಲ್ಫರ್ ಡೈಆಕ್ಸೈಡು, ಕಿಟಕಿ ತೆಗೀರಿ, ದುಡ್ಡೂ ಹಾರಿಹೋಗ್ತಿದೆ. ತುಂಬ ಶಾಪಲ್ಲಿ ಪಿಎಚ್ ನಾಲ್ಕು ಐದರಲ್ಲಿ ಮೆಟಾಬೈ ಸುರೀತಾರೆ, ರಿಯಾಕ್ಷನ್ ಆಮೆ ಥರ ಹೋಗುತ್ತೆ, ಇನ್ನೂ ಹಳದಿ ಇದೆ ಅಂತ ಇನ್ನೊಂದು ಮಗ್ಗು ಸುರೀತಾರೆ. ರಿಡಕ್ಷನ್ ಎಷ್ಟಾಗಿದೆ ಅಂತ ತೋರಿಸೋ ಒಂದು ಓಆರ್‌ಪಿ ಮೀಟರ್ ಹಾಕ್ಸಿದ್ರೆ ಈ ಅಂದಾಜಿನ ಆಟ ನಿಲ್ಲುತ್ತೆ. ಹಾಂ, ಒಂದು ಮಾತು ಮರೆತಿದ್ದೆ, ಇದು ಎಲ್ಲಕ್ಕಿಂತ ಮುಖ್ಯ: ನಿಮ್ಮ ಜಿಂಕ್ ಲೈನ್ ಸಯನೈಡ್ ಬಾತ್ ಆಗಿದ್ರೆ ಆ ನೀರು ಯಾವ ಕಾರಣಕ್ಕೂ ಈ ಆಸಿಡ್ ಟ್ಯಾಂಕಿಗೆ ಬರಬಾರದು, ಪೈಪು, ಪಂಪು, ಮಗ್ಗು ಸಮೇತ ಬೇರೆ ಇರ್ಬೇಕು. ಬಂದ್ರೆ ಹೊರಡೋದು ಹೈಡ್ರೋಜನ್ ಸಯನೈಡ್ ಗ್ಯಾಸು, ಆಪರೇಟರ್ ವಾಪಸ್ ಮನೆಗೆ ಹೋಗಲ್ಲ.

ಅಡ್ಸಾರ್ಬೆಂಟ್ ನಿಜವಾಗ್ಲೂ ರಾಜ ಆಗಿರೋ ಜಾಗಗಳೂ ಇವೆ, ಮಗಳಿಗೆ ಬೇಜಾರಾಗೋದು ಬೇಡ. ಕುಡಿಯೋ ನೀರಿನ ಆರ್ಸೆನಿಕ್ಕು. ಅಲ್ಲಿ ಮಿತಿ 0.01 ಪಿಪಿಎಂ, ನೀರಲ್ಲಿರೋದೂ ಅದರ ಕೆಲವು ಪಟ್ಟು ಅಷ್ಟೇ, ಹಳ್ಳೀಲಿ ದಿನಾ ಪಿಎಚ್ ನೋಡ್ಕೊಂಡು ಕೆಮಿಕಲ್ ಬಿಡೋರು ಯಾರೂ ಇರಲ್ಲ, ಅಂಥ ಕಡೆ ಕಬ್ಬಿಣದ ಆಕ್ಸೈಡಿನ ಹಾಸು ಇಟ್ಟು ನೀರು ಹರಿಸೋದಕ್ಕಿಂತ ಒಳ್ಳೇದು ಇಲ್ಲ. ಐಐಟಿ ಮದ್ರಾಸಿನ ಪ್ರದೀಪ್ ಅವರ ತಂಡ ಕೈಟೋಸಾನ್ ಮೇಲೆ ಕಬ್ಬಿಣ ಕೂರಿಸಿ ಮಾಡಿದ ಅಮೃತ್ ಇದೇ ಜಾತಿಯದು. ನಮ್ಮ ಯಾದಗಿರಿ, ರಾಯಚೂರಿನ ಚಿನ್ನದ ಗಣಿ ಸೀಮೆಯಲ್ಲೂ ಆರ್ಸೆನಿಕ್ ಸಮಸ್ಯೆ ಇದೆ. ಮಗಳು ಅದೇ ಅಡಿಕೆ ಇದ್ದಿಲನ್ನ 0.1 ಪಿಪಿಎಂ ಆರ್ಸೆನಿಕ್ಕಿಗೆ, ಬೋರ್‌ವೆಲ್ ನೀರಿನಲ್ಲಿ ಹಾಕಿ ನೋಡಿದ್ರೆ ಅವಳ ಥೀಸಿಸ್ಸಿಗೆ ನಾನು ಎದ್ದು ನಿಂತು ಚಪ್ಪಾಳೆ ಹೊಡೀತೀನಿ. ಆರ್ ಸ್ಕ್ವೇರ್ 0.999 ಬಂತು, ಸ್ಯೂಡೋ ಸೆಕೆಂಡ್ ಆರ್ಡರ್ (ಅಂಟೋ ವೇಗದ ಒಂದು ಫಾರ್ಮುಲಾ) ಫಿಟ್ ಆಯ್ತು ಅನ್ನೋದಕ್ಕೆ ಮಾತ್ರ ಹೊಡಿಯಲ್ಲ, ಅಂಟೋದು ನಿಂತ್ಮೇಲೂ ಹತ್ತು ಪಾಯಿಂಟ್ ತಗೊಂಡು ಆ ಪ್ಲಾಟ್ ಹಾಕಿದ್ರೆ ಯಾವ ಮಾಲಾದ್ರೂ ಫಿಟ್ ಆಗುತ್ತೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಒಂದು ಲೀಟರ್ ನಿಮ್ಮ ಶಾಪಿನ ನಿಜವಾದ ಕ್ರೋಮ್ ರಿನ್ಸ್ ನೀರು, ಇನ್ನೊಂದು ಲೀಟರ್ ಫಿಲ್ಟರ್ ಪ್ರೆಸ್ಸಿಂದ ಆಚೆ ಬಂದ ನೀರು, ಎರಡೂ ಬಾಟ್ಲಿ ಮಗಳ ಕೈಗೆ ಕೊಡಿ, ಗ್ಲೌಸ್ ಹಾಕ್ಕೊಂಡು ಮುಟ್ಲಿ. ಮೊದಲನೇದರಲ್ಲಿ 100 ಎಂಎಲ್ ತಗೊಂಡು ಅದೇ ಅರ್ಧ ಗ್ರಾಂ ಹಾಕಿ ಹಳೇ ಎಕ್ಸ್‌ಪೆರಿಮೆಂಟ್ ಮಾಡಿ, ಹೆಕ್ಸಾವೇಲೆಂಟು, ಟೋಟಲ್ಲು ಎರಡೂ ಅಳೀಲಿ. ಎರಡನೇದನ್ನ ಪಿಎಚ್ ಮುಟ್ಟದೆ, ಇದ್ದಂಗೇ, ಲೀಟರಿಗೆ 0.2 ಗ್ರಾಂ ಹಾಕಿ ನಿಕ್ಕಲ್ ಎಷ್ಟು ಇಳೀತು ನೋಡ್ಲಿ. ಮುಗಿದಾಗ ಪಿಎಚ್ ಎಷ್ಟಿತ್ತು ಅನ್ನೋದನ್ನ ಬರ್ಕೊಳಕ್ಕೆ ಹೇಳಿ, ಅದನ್ನ ಬರ್ಕೊಳೋದೇ ಎಲ್ಲರೂ ಮರೆಯೋದು. ಆ ನಾಲ್ಕೈದು ನಂಬರ್ ಕಳ್ಸಿದ್ರೆ ಕಾಲಮ್ ಹಾಕ್ಸೋದಾ ಬೇಡವಾ ಅಂತ ಕೂತು ಲೆಕ್ಕ ಹಾಕೋಣ.